ದೊರೆಸಾನಿಯ ಎದೆಯ ನೀರು

ಸೂಜಿಯಿಂದ ತಿಳಿ ನೀರು ಇಳಿಯತೊಡಗಿದಾಗ ಡಾಕ್ಟರರ ಸಂಶಯ ಗಟ್ಟಿಯಾಯಿತು. ಬೆಕ್ಕಿಗೆ ಯಾರೋ ವಿಷ ಹಾಕುತ್ತಿದ್ದಾರೆ. ಯಾರೋ ಏನು ಬಂತು, ಅತ್ತೆಯೇ.

ಮೇಜಿನ ಮೇಲೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದದ್ದು ಪಶುವೈದ್ಯರಾದ ಅವರದೇ ಮನೆಯ ಬೆಕ್ಕು, ದೊರೆಸಾನಿ. ಮಕ್ಕಳಿಲ್ಲದ ಆ ಮನೆಯಲ್ಲಿ ಮಗಳಂತೆ ಬೆಳೆದದ್ದು. ಎದೆಗೂಡಿನಲ್ಲಿ ನೀರು ತುಂಬಿ ಉಸಿರಿಗೆ ಜಾಗವೇ ಉಳಿದಿರಲಿಲ್ಲ. ಹೋದ ವಾರವೂ ಹೀಗೇ ಆಗಿತ್ತು. ಚಿಕಿತ್ಸಾಲಯದ ಆಮ್ಲಜನಕದ ಪೆಟ್ಟಿಗೆಯಲ್ಲಿ ಇದ್ದಷ್ಟು ದಿನ ಚೇತರಿಸಿಕೊಂಡಿತು, ಮನೆಗೆ ಹೋದ ಮೇಲೆ ಮತ್ತೆ ಅದೇ ಕಥೆ. ಸೋಂಕಿಲ್ಲ, ಗಡ್ಡೆಯಿಲ್ಲ, ಹುಟ್ಟಿನಿಂದ ಬಂದ ದೋಷವಿಲ್ಲ. ಇಲ್ಲಿ ಗುಣ, ಅಲ್ಲಿ ಕಾಯಿಲೆ ಎಂದರೆ ಕಾರಣ ಮನೆಯಲ್ಲೇ ಇರಬೇಕು. ಮನೆಗೆ ಹೊಸದಾಗಿ ಬಂದವರು ಒಬ್ಬರೇ.

ಅತ್ತೆ, ಅಂದರೆ ಹೆಂಡತಿಯ ತಾಯಿ, ಮಂಡಿನೋವಿಗೆ ಚಿಕಿತ್ಸೆ ಮಾಡಿಸಿಕೊಳ್ಳಲು ಬಂದು ತಿಂಗಳಾಗಿತ್ತು. ನಾಲಿಗೆಗೆ ಲಂಗುಲಗಾಮಿಲ್ಲದ ಹೆಂಗಸು. ಬಂದ ದಿನವೇ ಅಳಿಯನನ್ನು ದಿಟ್ಟಿಸಿ, "ಏನು ಅಳಿಯಂದಿರೇ, ಮದುವೇಲಿ ಹಣೆ ಇಷ್ಟು ಅಗಲ ಇರ್ಲಿಲ್ಲ!" ಎಂದುಬಿಟ್ಟರು. ಹೆಂಡತಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಅತ್ತೆಯ ಕಣ್ಣು ಬೆಕ್ಕಿನ ಕಡೆ ತಿರುಗಿತು. ಸೋಫಾದ ಮೇಲೆ ರೋಮ, ಹಾಸಿಗೆಯ ಮೇಲೆ ರೋಮ, ಕಡೆಗೆ ಕಾಫಿಯಲ್ಲೂ ರೋಮ. "ಈ ಮನೇಲಿ ಇರಬೇಕಾದ ಕಡೆ ಕೂದಲಿಲ್ಲ, ಇರಬಾರದ ಕಡೆಯೆಲ್ಲ ಇದೆ" ಎಂದರು.

ಡಾಕ್ಟರು ಮೇಲೆ ಮೇಲೆ ನಕ್ಕರು. ಮಾತು ಮಾತ್ರ ಒಳಗೆ ನಾಟಿತು. ಸ್ನಾನದ ಮನೆಯ ಕನ್ನಡಿಯ ಮುಂದೆ ಅವರು ಕಳೆಯುವ ಹೊತ್ತು ಅಂದಿನಿಂದ ಹೆಚ್ಚಾಯಿತು. ಅತ್ತೆಯ ಬಗ್ಗೆ ಒಂದು ಕಹಿ ಉಳಿಯಿತು. ಬೆಕ್ಕು ಕಾಯಿಲೆ ಬಿದ್ದಾಗ ಆ ಕಹಿ ಸಂಶಯವಾಗಲು ತಡವಾಗಲಿಲ್ಲ.

ಬೆಕ್ಕು ಹೊತ್ತು ತಂದವರನ್ನೆಲ್ಲ ಅವರು ಮೊದಲು ಕೇಳುವುದು ಒಂದೇ: "ನಿಮ್ಮನೇಲಿ ಯಾರು ಯಾವ ಔಷಧಿ ತಗೋತಾರೆ?" ಮನುಷ್ಯರ ನೋವು ಕಳೆಯುವ ಒಂದು ಮಾತ್ರೆ ಸಾಕು ಬೆಕ್ಕಿನ ಪ್ರಾಣ ಹೋಗಲು. ಈಗ ತಮ್ಮ ಮನೆಯಲ್ಲೇ ತನಿಖೆ ನಡೆಸಿದರು. ಅತ್ತೆಯ ಮಾತ್ರೆ, ಮುಲಾಮುಗಳೆಲ್ಲ ಬೀರು ಸೇರಿ ಬೀಗ ಬಿತ್ತು. ಹೆಂಡತಿಯ ಕೈಚೀಲವನ್ನೂ ಜಾಲಾಡಿದರು. ಬೆಕ್ಕಿಗೆ ವಿಷವೆಂದು ಕುಂಡದ ಲಿಲ್ಲಿ ಗಿಡವೂ ಕಸದ ಬುಟ್ಟಿಗೆ ಹೋಯಿತು. ರಾತ್ರಿ ಬೆಕ್ಕು ಅತ್ತೆಯ ಕೈಗೆ ಸಿಗದಿರಲಿ ಎಂದು ಮಲಗುವ ಕೋಣೆಯೊಳಗೆ ಸೇರಿಸಿಕೊಂಡು ಚಿಲಕ ಹಾಕಿದರು. ದೊರೆಸಾನಿ ಎಂದಿನಂತೆ ಯಜಮಾನರ ದಿಂಬನ್ನೇರಿ, ಅವರನ್ನು ತನ್ನ ಮರಿಯೆಂಬಂತೆ ನೆಕ್ಕಿ ನೇವರಿಸಿ ನಿದ್ದೆ ಹೋಗುತ್ತಿತ್ತು.

ಮೊನ್ನೆ ಮಧ್ಯಾಹ್ನ ಬೇಗ ಮನೆಗೆ ಬಂದಾಗ ಸಾಕ್ಷಿಯೇ ಸಿಕ್ಕಿತು. ಅಡುಗೆಮನೆಯ ಮೂಲೆಯಲ್ಲಿ, ಮಡಚಲಾಗದ ಮಂಡಿಯನ್ನು ಹೇಗೋ ಮಡಚಿ ಕೂತು, ಅತ್ತೆ ಬೆಕ್ಕಿನ ಮುಂದೆ ತಟ್ಟೆ ತಳ್ಳುತ್ತಿದ್ದರು. "ಬೇಗ ತಿನ್ನು, ಯಾರಾದ್ರೂ ನೋಡಿಬಿಟ್ಟಾರು" ಎಂಬ ಪಿಸುಮಾತು ಬೇರೆ. ಆಕೆ ಎದ್ದು ಹೋದ ಮೇಲೆ ಡಾಕ್ಟರು ತಟ್ಟೆಯಲ್ಲಿ ಉಳಿದದ್ದನ್ನು ಬಳಿದುಕೊಂಡರು, ಬೆಕ್ಕಿನ ಬಾಯಿಯ ಸುತ್ತ ಹತ್ತಿಯಿಂದ ಒರೆಸಿದರು. ಎರಡನ್ನೂ ಪಶುವೈದ್ಯ ಕಾಲೇಜಿನ ಪ್ರಯೋಗಾಲಯದಲ್ಲಿದ್ದ ತಮ್ಮ ಗುರುಗಳಿಗೆ ಕಳಿಸಿಕೊಟ್ಟರು.

ಇವತ್ತು ದೊರೆಸಾನಿ ಮತ್ತೆ ಕುಸಿದಿತ್ತು. ಇನ್ನೊಂದು ಸಲ ಹೀಗಾದರೆ ಅದು ಬದುಕುವುದಿಲ್ಲ. ನೀರು ತೆಗೆದು, ಬೆಕ್ಕನ್ನು ಪೆಟ್ಟಿಗೆಯಲ್ಲಿಟ್ಟು ಡಾಕ್ಟರು ನೆಟ್ಟಗೆ ಮನೆಗೆ ಬಂದರು.

"ಅತ್ತೆ, ಬೆಕ್ಕಿಗೆ ಏನು ಹಾಕ್ತಿದ್ದೀರಿ?"

"ನಾನಾ? ನಾನ್ಯಾಕೆ ಹಾಕ್ಲಿ?"

"ಕಣ್ಣಾರೆ ನೋಡಿದ್ದೀನಿ."

ಅತ್ತೆಯ ಮುಖ ಬಿಳಿಚಿಕೊಂಡಿತು. "ಅದನ್ನ ತಲೆ ಮೇಲೆ ಕೂರಿಸ್ಕೊಂಡಿರೋರು ನೀವು. ನನ್ನನ್ಯಾಕೆ ಕೇಳ್ತೀರಿ?"

"ಅದೂ ನೀವೂ ಇನ್ನು ಒಂದೇ ಮನೇಲಿರೋಕಾಗಲ್ಲ."

ಅತ್ತೆ ಕೋಣೆಗೆ ಹೋಗಿ ಚೀಲಕ್ಕೆ ಬಟ್ಟೆ ತುಂಬತೊಡಗಿದರು. ಹೆಂಡತಿ ಹೇಳಿದಳು: "ರೀ, ಅಮ್ಮ ಹೋದ್ರೆ ನಾನೂ ಹೊರಟೆ. ನನ್ನಮ್ಮ ವಿಷ ಹಾಕೋಳು ಅಂದೋರ ಜೊತೆ ನಾನಿರಲ್ಲ."

ಡಾಕ್ಟರು ಹಿಡಿದ ಹಟ ಬಿಡಲಿಲ್ಲ. ಅಷ್ಟರಲ್ಲಿ ಫೋನ್ ಬಂತು, ಗುರುಗಳದು. ಎಲ್ಲರೂ ಕಿವಿಯಾರೆ ಕೇಳಲಿ ಎಂದು ಡಾಕ್ಟರು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರು. ಅತ್ತೆ ಚೀಲ ಹಿಡಿದು ಬಾಗಿಲಲ್ಲೇ ನಿಂತರು.

"ತಟ್ಟೇಲಿ ವಿಷ ಇಲ್ಲ ಕಣಯ್ಯಾ. ಬರೀ ಬೇಯಿಸಿದ ಮೀನು. ಯಾರೋ ಪುಣ್ಯಾತ್ಮರು ಕೂಸಿಗೆ ತಿನ್ನಿಸೋ ಹಾಗೆ ಒಂದೊಂದೇ ಮುಳ್ಳು ಬಿಡಿಸಿದ್ದಾರೆ."

ಹೆಂಡತಿ ತಾಯಿಯತ್ತ ನೋಡಿದಳು. ತಾಯಿ ಗೋಡೆಯತ್ತ ನೋಡಿದರು. "ಮುಳ್ಳು ಗಂಟಲಿಗೆ ಸಿಕ್ಕಿದ್ರೆ ಅದಕ್ಕೂ ನನ್ನನ್ನೇ ಅಂತಿದ್ರಿ" ಎಂದು ಗೊಣಗಿದರು.

ಡಾಕ್ಟರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಹಾಗಾದ್ರೆ ಎದೇಲಿ ನೀರು ಹೇಗೆ, ಸಾರ್?"

"ಅದರ ಕಾರಣ ನೀನು ಬೆಕ್ಕಿನ ಬಾಯಿ ಒರೆಸಿದ ಹತ್ತಿಯಲ್ಲಿ ಸಿಕ್ತು. ಮನುಷ್ಯರು ಹಚ್ಕೊಳ್ಳೋ ಔಷಧಿ. ನಮಗೇನೂ ಆಗಲ್ಲ, ಬೆಕ್ಕು ಒಂಚೂರು ನೆಕ್ಕಿದ್ರೂ ಎದೆ ತುಂಬ ನೀರು. ನೆಕ್ಕೋದು ನಿಂತ್ರೆ ನಿನ್ನ ಬೆಕ್ಕು ಉಳಿಯುತ್ತೆ."

ಹಚ್ಚಿಕೊಳ್ಳುವುದು! ಡಾಕ್ಟರರ ಕಣ್ಣು ಮಿಂಚಿತು. ಅತ್ತೆಯ ಕಾಲಿನತ್ತ ಬೆರಳು ತೋರಿಸುತ್ತ, "ಮಂಡಿನೋವಿಗೆ ಹಚ್ಚೋದಾ, ಸಾರ್?" ಎಂದು ಗಟ್ಟಿಯಾಗಿ ಕೇಳಿದರು.

"ಮಂಡಿಗೆ ಯಾರಯ್ಯಾ ಹಚ್ತಾರೆ ಇದನ್ನ? ಬೋಳು ತಲೇಲಿ ಕೂದಲು ಬರಿಸೋ ಔಷಧಿ ಕಣೋ!"

ಕ್ಷೌರದ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟ ಸೀಸೆಯ ವಿಷಯ ಡಾಕ್ಟರು ಹೆಂಡತಿಗೂ ಹೇಳಿರಲಿಲ್ಲ. ಈಗ ಹೇಳುವ ಅಗತ್ಯವೂ ಇರಲಿಲ್ಲ, ತಾಯಿ ಮಗಳಿಬ್ಬರೂ ಅವರ ತಲೆಯನ್ನೇ ನೋಡುತ್ತಿದ್ದರು.