ಪೂರ್ತಿ ಹೆಸರು

"ಮೊದಲ ಮಾತು ಫೆರ್ಮೀನ್‌ನದು!" ಎಂದು ತೀರ್ಪುಗಾರ ದೊನ್ ಎಲಿಸೆಯೊ ಕೂಗಿದಾಗ ನಸಾರಿಯಾಳಿಗೆ ತನ್ನ ಸಾವು ಖಾತ್ರಿಯಾಯಿತು.

ಕಳೆದ ವರ್ಷದ ಪಂದ್ಯ ಗೆದ್ದವಳು ಅವಳೇ. ಅದಕ್ಕೆ ಸಿಕ್ಕ ಬಹುಮಾನವೆಂದರೆ ಈ ವರ್ಷ ಮತ್ತೊಮ್ಮೆ ಸಾಯಲು ಬರುವ ಗೌರವ. ಪಿಯೆದ್ರಾ ವೆರ್ದೆ ಊರಿನವರು ಬಹಳ ಧಾರಾಳಿಗಳು. ಹದಿಹರೆಯದ ಇಬ್ಬರನ್ನು ಕೋಳಿ ಅಂಕದ ಕಣಕ್ಕಿಳಿಸಿ, ಬೆಟ್ಟದ ದೇವತೆ ತೃಪ್ತಳಾಗಲೆಂದು ಕೈಮುಗಿದು, ತಾವು ಹುರಿದ ಹಂದಿಮಾಂಸ ಮೆಲ್ಲುತ್ತ ಕೂರುತ್ತಾರೆ.

ನಿಯಮ ಸರಳ. ಮಂತ್ರದಂಡ ಹಿಡಿದು ಎದುರಾಳಿಯ ಪೂರ್ತಿ ಹೆಸರು ಹೇಳಬೇಕು: ಇಟ್ಟ ಹೆಸರು, ಅಪ್ಪನ ಮನೆತನ, ಅಮ್ಮನ ಮನೆತನ. ಸರಿಯಾಗಿ ಹೇಳಿದರೆ ಎದುರಿನವರು ಅಲ್ಲೇ ಹೆಣ. ಕಳೆದ ವರ್ಷ ಮೊದಲ ಮಾತು ನಸಾರಿಯಾಳದಾಗಿತ್ತು. ಎದುರಿಗಿದ್ದ ಹುಡುಗ ಬಿದ್ದ ಸದ್ದು ಅವಳನ್ನು ಇನ್ನೂ ಬಿಟ್ಟಿರಲಿಲ್ಲ.

ದೊನ್ ಎಲಿಸೆಯೊ ಇಬ್ಬರ ತಲೆಯನ್ನೂ ಸವರಿದ. ಅಷ್ಟು ನಿಷ್ಪಕ್ಷಪಾತಿ. ಹಬ್ಬ ಬಂದರೆ ಇಬ್ಬರ ಮನೆಗೂ ಹಂದಿಯ ತೊಡೆ ಕಳಿಸುತ್ತಿದ್ದ.

"ಹೆದರ್ಬೇಡ ಮಗಳೇ, ಏನೂ ಆಗಲ್ಲ."

"ಹೌದು, ನಿಮಗೇನೂ ಆಗಲ್ಲ," ಎಂದಳು ನಸಾರಿಯಾ.

ಫೆರ್ಮೀನ್ ದಂಡ ಎತ್ತಿದ. ಅವನ ಕಣ್ಣು ತುಂಬಿತ್ತು. "ಕ್ಷಮಿಸೇ. ನಮ್ಮಮ್ಮನಿಗೆ ನಾನೊಬ್ನೇ."

"ಬೇಗ ಮುಗಿಸು ಮಾರಾಯ. ಇವ್ರ ಊಟ ಆರಿಹೋಗುತ್ತೆ."

"ನಸಾರಿಯಾ ತೊವಾರ್ ಪಿನ್ಸೋನ್!"

ಅವಳು ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಅವಳಿನ್ನೂ ನಿಂತೇ ಇದ್ದಳು. ಈಗ ಸರದಿ ಅವಳದು; ಫೆರ್ಮೀನ್‌ನ ಕೈಯಿಂದ ದಂಡ ತೆಗೆದುಕೊಂಡಳು. ಕೊಲ್ಲುವ ಮನಸ್ಸಿರಲಿಲ್ಲ, ಬದುಕುವ ಆಸೆ ಮಾತ್ರ ಬೆಟ್ಟದಷ್ಟಿತ್ತು.

"ಫೆರ್ಮೀನ್ ಕುವೆಸ್ತಾ ರಿಂಕೋನ್!"

ಫೆರ್ಮೀನ್ ಕಣ್ಣು ಪಿಳಿಪಿಳಿ ಬಿಡುತ್ತ ನಿಂತೇ ಇದ್ದ.

ಊರು ಮೆಲ್ಲುವುದನ್ನು ನಿಲ್ಲಿಸಿತು. "ದಂಡ ಕೆಟ್ಟಿದೆ," ಎಂದರು ಯಾರೋ.

"ದಂಡಕ್ಕೇನಾಗಿದೆ?" ಹಿಂದಿನ ಸಾಲಿನಿಂದ ಸೂಲಗಿತ್ತಿ ಕಸಿಲ್ಡಾಜ್ಜಿ ಕೂಗಿದಳು. "ಅದು ರಕ್ತ ನೋಡುತ್ತೆ, ಚರ್ಚಲ್ಲಿ ಬರೆಸಿದ್ದನ್ನಲ್ಲ! ಇಬ್ರದೂ ಅಪ್ಪನ ಹೆಸರೇ ತಪ್ಪು ಕಣ್ರೋ!"

ಇಬ್ಬರು ತಾಯಂದಿರೂ ಒಟ್ಟಿಗೇ ನೆಲ ನೋಡಿದರು. ಆಮೇಲೆ ತಡೆಯಲಾರದೆ ಒಟ್ಟಿಗೇ ದೊನ್ ಎಲಿಸೆಯೊನನ್ನು ನೋಡಿದರು.

"ಪಂದ್ಯ ರದ್ದು!" ದೊನ್ ಎಲಿಸೆಯೊ ಬೆವರೊರೆಸಿಕೊಂಡ. "ಎಲ್ರೂ ಮನೆಗೆ ಹೋಗಿ!"

ನಸಾರಿಯಾ ಬದುಕಿದ್ದಳು. ಅಳು, ನಗು ಎರಡೂ ಒಟ್ಟಿಗೆ ಬಂದವು. ಅಷ್ಟರಲ್ಲಿ ತೀರ್ಪುಗಾರನ ಹೆಂಡತಿ ದೊನ್ಯಾ ಪ್ರುದೆನ್ಸಿಯಾ ತಟ್ಟೆ ಕೆಳಗಿಟ್ಟು, ಕೈಯ ಜಿಡ್ಡನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ನಿಧಾನವಾಗಿ ಕಣಕ್ಕಿಳಿದು ಬಂದಳು.

"ಕೊಡು ಮಗೂ, ಆ ದಂಡ ಕೊಡಿಲ್ಲಿ."

ಗಂಡನ ಪೂರ್ತಿ ಹೆಸರನ್ನು ಅವಳು ಒಂದಕ್ಷರವೂ ತಪ್ಪದೆ ಹೇಳಿದಳು.