ಫೋನಿನೊಳಗಿನ ಕಳ್ಳ

"ಸಿಕ್ಕಿಬಿದ್ದ! ಕಳ್ಳ ಸಿಕ್ಕಿಬಿದ್ದ!" ಪಲ್ಲಾವರಂನ ಆ ಎರಡು ಕೋಣೆಯ ಮನೆ ಅದುರುವಂತೆ ಕಿಟ್ಟಣ್ಣ ಕೂಗಿದ. ಕಿವಿ ಮಂದವಾದ ಮೇಲೆ ಅವನ ಗಂಟಲು ದೊಡ್ಡದಾಗಿತ್ತು.

ಗುರುತು ಪರಿಚಯವಿಲ್ಲದ ಆ್ಯಪ್‌ಗಳು ಫೋನಿನೊಳಗೆ ಅಡಗಿ ಕೂತು ಮನೆಯ ಮಾತು ಕದಿಯುತ್ತವೆ ಎಂದು ತಾನು ಅಡುಗೆ ಮಾಡುವ ಹೋಟೆಲಿನ ಸಂಜೀವ ಮೆಸೇಜು ಕಳಿಸಿದ್ದೇ ತಡ, ಕಿಟ್ಟಣ್ಣ ರಜೆಯ ದಿನವನ್ನೆಲ್ಲ ಸೆಟ್ಟಿಂಗ್ಸಿಗೆ ಧಾರೆ ಎರೆದಿದ್ದ. ಅಕ್ಕಿಯಲ್ಲಿ ಕಲ್ಲು ಹೆಕ್ಕುವ ಹಾಗೆ ಒಂದೊಂದೇ ಹೆಸರು ಹೆಕ್ಕುತ್ತಾ ಬಂದವನಿಗೆ 'ಲೈವ್ ಟ್ರಾನ್ಸ್‌ಕ್ರೈಬ್' ಎಂಬುದೊಂದು ಎದುರಾಯಿತು. ಅದಕ್ಕೆ ಮೈಕ್ ಬೇರೆ ಬೇಕಂತೆ!

"ನನ್ನ ಸಾಂಬಾರು ಹುಡಿಯ ಅಳತೆ ಎದುರು ಹೋಟೆಲಿಗೆ ಹೋದದ್ದು ಇವನಿಂದಲೇ. ಈಗಲೇ ತೆಗೀತೇನೆ ನೋಡು!"

"ಅಯ್ಯೋ ಅಜ್ಜಾ, ವೇಣಾಂ, ಬೇಡ!" ಮೊಮ್ಮಗಳು ತೃಷಾ ಫೋನು ಕಸಿದುಕೊಂಡು, ಅವನ ಕಿವಿಗೇ ಬಾಯಿಟ್ಟು ತನ್ನ ತಮಿಳು ಬೆರೆತ ಕನ್ನಡದಲ್ಲಿ ಕಿರುಚಿದಳು. "ಇದು ಕಳ್ಳ ಗಿಳ್ಳ, ತಿರುಡನ್ ಇಲ್ಲ, ಸಿಸ್ಟಮ್ ಆ್ಯಪ್. ಫೋನಿನ ಜೊತೆಗೇ ಬರ್ತದೆ. ಒರು ನಿಮಿಷಂ ಇರಿ!"

ಅವಳು ಅದನ್ನು ಆನ್ ಮಾಡಿ, ಕನ್ನಡ ಆರಿಸಿ, ದೂರ ನಿಂತು ತುಟಿ ಅಲುಗಿಸಿದಳು. ಪರದೆಯ ಮೇಲೆ ದಪ್ಪ ಅಕ್ಷರಗಳು ಬಂದವು: 'ಅಜ್ಜ ನಾನು ಹೇಳಿದ್ದು ಕಾಣ್ತದಾ'.

"ಕಾಣ್ತದೆ! ಕಾಣ್ತದೆ ಮಾರಾಯ್ತಿ! ಇನ್ನೊಮ್ಮೆ ಹೇಳು!" ಕಿಟ್ಟಣ್ಣ ಕುರ್ಚಿಯಿಂದ ಹಾರಿ ಎದ್ದ. ಗಿಂಡಿ ಪೇಟೆಯ ಹೋಟೆಲಿನಲ್ಲಿ ಮೂವತ್ತು ವರ್ಷ ಗ್ರೈಂಡರುಗಳ ನಡುವೆ ನಿಂತು ಕಿವಿ ಕಳೆದುಕೊಂಡವನು ಅವನು. ಹೆಂಡತಿ ಏನಂದರೂ ನಕ್ಕು ತಲೆಯಾಡಿಸಿ, ಕೇಳಿಸಿದವನ ಹಾಗೆ ನಟಿಸುತ್ತಿದ್ದ. ಅವಳ ಒಂದು ಮಾತಿಗಾಗಿ ತಾನೆಷ್ಟು ಹಸಿದಿದ್ದೆ ಎಂಬುದು ಅವನಿಗೆ ಈಗ ತಿಳಿಯಿತು. ಫೋನು ಹಿಡಿದು ಅಡುಗೆಮನೆಗೆ ಓಡಿದ.

ಸರಸ ನೆಲದ ಮೇಲೆ ಕೂತು ಬಸಳೆ ಹೆಚ್ಚುತ್ತಿದ್ದಳು.

"ಸರಸಾ, ಎಂಥಾದ್ರೂ ಹೇಳು! ಬೇಗ ಹೇಳು!"

ಅವಳು ತಲೆ ಎತ್ತಲಿಲ್ಲ. ಆದರೆ ಪರದೆಯ ಮೇಲೆ ಒಂದರ ಹಿಂದೊಂದು ಸಾಲು ಮೂಡತೊಡಗಿತು.

'ಹೇಳಿ ಎಂಥ ಮಾಡ್ಲಿಕ್ಕುಂಟು. ಒಂದು ಸಲ ಸಮುದ್ರ ನೋಡ್ಲಿಕ್ಕೆ ಹೋಗುವ ಅಂತ ಪ್ರತಿ ರಜೆಗೂ ಕೇಳ್ತೇನೆ. ನೀವು ತಲೆ ಆಡಿಸ್ತೀರಿ. ನಾನು ಒಳ್ಳೆ ಸೀರೆ ಉಟ್ಟು ಕೂತ್ಕೊಳ್ತೇನೆ. ನೀವು ಊಟ ಮಾಡಿ ಮಲಗ್ತೀರಿ.'

ಕಿಟ್ಟಣ್ಣ ಅದನ್ನು ಇನ್ನೊಮ್ಮೆ ಓದಿದ. ಆಮೇಲೆ ಅವಳನ್ನು ನೋಡಿದ. ಬಸಳೆಯ ಕಲೆ ತಾಗಬಾರದೆಂದು ಅವಳು ಮಡಿಲ ಮೇಲೆ ಹಳೆಯ ಟವೆಲು ಹಾಸಿಕೊಂಡಿದ್ದಳು. ಅದರ ಅಡಿಯಿಂದ ದೀಪಾವಳಿಯ ರೇಷ್ಮೆ ಸೀರೆಯ ಅಂಚು ಇಣುಕುತ್ತಿತ್ತು.