ಕವಚ ತೂರುವ ಗುಂಡು

ವಿಡಿಯೋ ಗೇಮಿನ ರಾಕ್ಷಸನ ಮೇಲೆ ಅತ್ತೆ ಎಷ್ಟು ಗುಂಡು ಹಾರಿಸಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

"ಅವನಿಗೆ ಕವಚ ಇದೆ ಅತ್ತೆ. ಸದ್ದು ಮಾಡೋ ದೊಡ್ಡ ಬಂದೂಕು ಬಿಡಿ, ಕವಚ ತೂರೋದು ತಗೊಳ್ಳಿ," ಎಂದಳು ಜೊತೆಗೆ ಆಡುತ್ತಿದ್ದ ಸೊಸೆ. "ಪೆಟ್ಟು ಸಣ್ಣದು, ಆದ್ರೆ ನೇರ ಒಳಗೆ ಹೋಗುತ್ತೆ."

"ಲೇ, ಕಾಫಿ!" ಪೇಪರಿನ ಹಿಂದಿನಿಂದ ಮಾವ ಗುಡುಗಿದರು.

ಈಗ ಎದ್ದರೆ ಆಟ ಸೋತಂತೆಯೇ. ಮದುವೆಯಾದಾಗಿನಿಂದ ಅತ್ತೆ ಆ ಗುಡುಗಿಗೆ ತಾವೂ ಗುಡುಗಿ, ಕೊನೆಗೆ ತಾವೇ ಎದ್ದು ಹೋಗುತ್ತಿದ್ದರು. ಇಂದು ಪರದೆಯಿಂದ ಕಣ್ಣು ಕೀಳದೆ ಮೆಲ್ಲಗೆ ಅಂದರು: "ರೀ, ನಿಮ್ಮಮ್ಮನ ಕಾಫಿಯ ಹದ ಈ ಮನೇಲಿ ನಿಮಗೊಬ್ಬರಿಗೇ ಗೊತ್ತಿರೋದು ಅಂತ ಇವಳಿಗೆ ಹೇಳ್ತಿದ್ದೆ."

ಪೇಪರು ಮಡಚಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಮಾವನ ದನಿ ಬಂತು: "ಲೇ, ಈ ಗ್ಯಾಸ್ ಹಚ್ಚೋದು ಹೇಗೆ?"